ಬಿಎಫ್‌ಎಂ ಓದಿದರೆ ಬರೀ ಬ್ರೋಕರ್ ಕೆಲಸವೇ?
ಡೊಂಬಿವಲಿಯಲ್ಲಿರುವ ನಿಮ್ಮ ತಂಗಿ ಹನ್ನೆರಡನೇ ಕಾಮರ್ಸ್ ಮುಗಿಸಿದ್ದಾಳೆ, ಮುಂಬೈ ವಿವಿಯ ಬಿಎಫ್‌ಎಂ (ಹಣಕಾಸು ಮಾರುಕಟ್ಟೆಯ ಪದವಿ) ಸೇರಿದರೆ ಶೇರು ಬ್ರೋಕರ್ ಕೆಲಸವೇ ಗತಿಯಾ ಎಂದು ಕೇಳಿದ್ದೀರಿ. ಖಂಡಿತ ಇಲ್ಲ ಸರ್. ಬ್ಯಾಂಕಿನ ಸಾಲ ವಿಭಾಗ, ಮ್ಯೂಚುವಲ್ ಫಂಡ್, ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಕಂಪನಿ, ಎಲ್ಲ ಕಡೆ ದಾರಿಯಿದೆ.

ನಾನು ಸೇರಿದ್ದು ಸೆಟಲ್‌ಮೆಂಟ್ ವಿಭಾಗಕ್ಕೆ, ಅಂದರೆ ಮಾರಿದ ಶೇರು, ಕೊಟ್ಟ ಹಣ ಸರಿಯಾಗಿ ಕೈಬದಲಾಗುವಂತೆ ನೋಡಿಕೊಳ್ಳುವ ಕಡೆ. 2023ರ ಜನವರಿಯಿಂದ ಶೇರು ವಹಿವಾಟು ಮುಂದಿನ ಕೆಲಸದ ದಿನವೇ ಚುಕ್ತಾ ಆಗಬೇಕು. ಶೇರು ಇಡುವ ಡಿಮ್ಯಾಟ್ ಖಾತೆಯ ನಂಬರಿನ ಒಂದು ಅಂಕಿ ತಪ್ಪಿದರೂ ಮನೆಗೆ ಹೋಗುವ ಆರೂವರೆಯ ಲೋಕಲ್ ರೈಲು ಕೈತಪ್ಪಿದಂತೆಯೇ. ಆದರೆ ಮಾರುಕಟ್ಟೆ ನನಗೆ ಅರ್ಥವಾಗಿದ್ದೇ ಅಲ್ಲಿ.

ತಂಗಿಗೆ ರಿಸರ್ಚ್, ಅಂದರೆ ಕಂಪನಿಗಳನ್ನು ಅಳೆದು ಶೇರಿನ ಬಗ್ಗೆ ವರದಿ ಬರೆಯುವ ಕೆಲಸದ ಆಸೆಯಿದ್ದರೆ ಡಿಗ್ರಿಯೊಂದೇ ಸಾಲದು. ಶೇರು ಮಾರುಕಟ್ಟೆಯ ಶಿಕ್ಷಣ ಸಂಸ್ಥೆ ಎನ್‌ಐಎಸ್‌ಎಂನ ರಿಸರ್ಚ್ ಅನಲಿಸ್ಟ್ ಪರೀಕ್ಷೆ ಬರೆಯಲಿ, ಆಮೇಲೆ ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಅರ್ಹತೆಯಾದ ಮೂರು ಹಂತದ ಸಿಎಫ್‌ಎ. ಈಗಿನಿಂದಲೇ ಯಾವುದಾದರೂ ಕಂಪನಿಯ ವಾರ್ಷಿಕ ವರದಿ ತೆಗೆದು, ಐದು ವರ್ಷದ ಲಾಭದ ಪಕ್ಕದಲ್ಲಿ ನಿಜಕ್ಕೂ ಕೈಗೆ ಬಂದ ನಗದು ಎಷ್ಟೆಂದು ಎಕ್ಸೆಲ್‌ನಲ್ಲಿ ಹಾಕಿ ನೋಡಲಿ. ಸಂದರ್ಶನದಲ್ಲಿ ನನ್ನನ್ನು ಅರ್ಧ ಗಂಟೆ ಕೇಳಿದ್ದು ಅದನ್ನೇ.