ಅಮ್ಮನ ನೋಟ್‌ಬುಕ್ಕಿನ ‘300 ದಿನ’

(ಓದುಗರ ಪ್ರಶ್ನೆಗಳಿಗೆ ಉತ್ತರ: ಸಾಗರದ ನಿವೃತ್ತ ಶಾಲಾ ಶಿಕ್ಷಕಿ, ಚರ್ಚಿನಲ್ಲಿ ಬಹುಕಾಲ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವರು)

ಪ್ರಶ್ನೆ: ಟೀಚರ್, ನಮ್ಮ ಅಮ್ಮ ತೀರಿಕೊಂಡು ವರ್ಷವಾಯಿತು. ಅವರ ಹಳೇ ಪ್ರಾರ್ಥನೆ ಪುಸ್ತಕದಲ್ಲಿ ಕೆಲವು ಜಪಗಳ ಕೆಳಗೆ ‘300 ದಿನ’, ‘7 ವರ್ಷ’ ಎಂದು ಅಚ್ಚಾಗಿದೆ. ಅಮ್ಮ ಅದನ್ನೆಲ್ಲ ಕೂಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳದಲ್ಲಿ ಅಷ್ಟು ದಿನ ಅವರಿಗೆ ಕಡಿಮೆಯಾಗುತ್ತದೆಯೇ? ನಮ್ಮ ಯಜಮಾನರು, “ಇದಕ್ಕೇ ಅಲ್ವಾ ಲೂಥರ್ ಜಗಳ ತೆಗೆದಿದ್ದು, ದುಡ್ಡಿಗೆ ಸ್ವರ್ಗ ಮಾರಿದ್ದಕ್ಕೆ?” ಎಂದು ನಗುತ್ತಾರೆ. ನವೆಂಬರ್‌ನಲ್ಲಿ ಎಂಟು ದಿನವೂ ಅಮ್ಮನ ಸಮಾಧಿಗೆ ಹೋಗಿ ಪ್ರಾರ್ಥಿಸಿದೆ. ಆದರೆ ತೋಟದ ಪಾಲಿನ ವಿಷಯದಲ್ಲಿ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಇದರಿಂದ ಅಮ್ಮನಿಗೆ ಸಿಗಬೇಕಾದ್ದು ತಪ್ಪುತ್ತದೆಯೇ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ನೋಟ್‌ಬುಕ್ಕನ್ನು ಎಸೆಯಬೇಡಿ. ಆದರೆ ಅದರ ಲೆಕ್ಕವನ್ನು ನೀವು ಮುಂದುವರಿಸುವುದೂ ಬೇಡ.

ಆ ಅಂಕಿಗಳು ದಂಡವಿಮೋಚನೆಯವು (ಇಂಡಲ್ಜೆನ್ಸ್), ಅಂದರೆ ಪಾಪ ಕ್ಷಮಿಸಿದ ಮೇಲೂ ಉಳಿಯುವ ದಂಡವನ್ನು ಕಳೆಯುವುದು. ‘300 ದಿನ’ ಅಂದರೆ ಶುದ್ಧೀಕರಣ ಸ್ಥಳದ ದಿನಗಳಲ್ಲ. ಹಿಂದಿನ ಕಾಲದ ಸಭೆಯಲ್ಲಿ, ಅಂದರೆ ನಮ್ಮ ಕ್ಯಾಥೋಲಿಕ್ ಧರ್ಮಸಭೆಯಲ್ಲಿ, ದೊಡ್ಡ ಪಾಪ ಮಾಡಿದವರು ಎಲ್ಲರ ಎದುರಿಗೇ ಪ್ರಾಯಶ್ಚಿತ್ತ ಮಾಡಬೇಕಿತ್ತು. ಇಷ್ಟು ದಿನ ಉಪವಾಸ, ಇಷ್ಟು ವರ್ಷ ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಇಲ್ಲ, ಹೀಗೆ. ಅಂಥ 300 ದಿನದ ಪ್ರಾಯಶ್ಚಿತ್ತದಿಂದ ಎಷ್ಟು ದಂಡ ಕಳೆಯುತ್ತಿತ್ತೋ, ಈ ಜಪಕ್ಕೂ ಅಷ್ಟೇ ಫಲ ಎಂದು ಪುಸ್ತಕ ಹೇಳುತ್ತಿತ್ತು. ಜನ ಮಾತ್ರ ಅದನ್ನು ಪರಲೋಕದ ಕ್ಯಾಲೆಂಡರ್ ಅಂದುಕೊಂಡರು. ಅವರನ್ನು ಬೈಯುವ ಹಾಗಿಲ್ಲ. ಅಚ್ಚು ಮಾಡಿದವರು ಒಂದು ಸಾಲು ವಿವರಣೆ ಹಾಕಬಹುದಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ದೊಡ್ಡಮ್ಮ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಚರ್ಚಿನ ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು ಮಾಡುತ್ತಿದ್ದರು. ಆಗಿನ ನಿಯಮವೇ ಹಾಗಿತ್ತು. ಒಂದು ಸಲ ಒಳಗೆ ಹೋಗಿ ಆರು ಪರಲೋಕ ಪ್ರಾರ್ಥನೆ, ಆರು ನಮೋ ಮರಿಯಾ, ಆರು ಸ್ತೋತ್ರ ಹೇಳಿದರೆ ಒಂದು ಆತ್ಮಕ್ಕೆ ಪೂರ್ಣ ವಿಮೋಚನೆ. ಇನ್ನೊಂದು ಆತ್ಮಕ್ಕೆ ಬೇಕಾದರೆ ಹೊಸದಾಗಿ ಬಾಗಿಲು ದಾಟಬೇಕು. ಮಾವ, ಅತ್ತೆ, ಹೆರಿಗೆಯಲ್ಲಿ ಹೋದ ತಂಗಿ, ಹೀಗೆ ಒಬ್ಬೊಬ್ಬರ ಹೆಸರು ಹೇಳಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ನಾವು ಮಕ್ಕಳು ಹಿಂದೆ ಓಡುತ್ತಿದ್ದೆವು, ನಮಗೆ ಆಟ. ಪೋಪ್ ಆರನೇ ಪೌಲ್ 1967ರ ಜನವರಿ 1ರ ಆದೇಶದಲ್ಲಿ ಈ ಓಡಾಟವನ್ನೂ ದಿನ-ವರ್ಷಗಳ ಲೆಕ್ಕವನ್ನೂ ತೆಗೆದುಹಾಕಿದರು. ಈಗ ಇರುವುದು ಎರಡೇ ಬಗೆ: ಪೂರ್ಣ ಮತ್ತು ಭಾಗಶಃ. ಪೂರ್ಣವಾದದ್ದು ದಿನಕ್ಕೆ ಒಂದೇ ಸಲ. ಭಾಗಶಃ ಎನ್ನುವುದರಲ್ಲಿ ನಿಮ್ಮ ಜಪದಿಂದ ಎಷ್ಟು ಕಳೆಯುತ್ತದೋ, ಸಭೆಯು ತನ್ನ ಕಡೆಯಿಂದ ಅಷ್ಟೇ ಸೇರಿಸುತ್ತದೆ. ಹಾಗಾಗಿ ನಿಮ್ಮ ಅಮ್ಮ ಭಕ್ತಿಯಿಂದ ಹೇಳಿದ ಒಂದು ಜಪವೂ ವ್ಯರ್ಥವಾಗಿಲ್ಲ. ಕೂಡಿಸಿದ ಮೊತ್ತಕ್ಕೆ ಮಾತ್ರ ಬೆಲೆ ಇಲ್ಲ.

ಈಗ ಯಜಮಾನರ ಮಾತು. ಅವರು ಪೂರ್ತಿ ತಪ್ಪು ಹೇಳಿಲ್ಲ. ರೋಮಿನ ಸಂತ ಪೇತ್ರರ ಮಹಾದೇವಾಲಯ ಕಟ್ಟಲು ಹಣ ಬೇಕಿತ್ತು. ಜರ್ಮನಿಯ ಮೈನ್ಸ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಎಂಬ ಸಾಹುಕಾರರ ಹತ್ತಿರ ಸಾಲ ಮಾಡಿದ್ದ. ಟೆಟ್ಸೆಲ್ ಎಂಬ ಬೋಧಕ ಊರೂರು ತಿರುಗಿ ದಂಡವಿಮೋಚನೆಯ ಹೆಸರಿನಲ್ಲಿ ಸಂಗ್ರಹಿಸಿದ ಹಣದಲ್ಲಿ ಅರ್ಧ ರೋಮಿಗೆ, ಅರ್ಧ ಆ ಸಾಲಕ್ಕೆ. 1517ರ ಅಕ್ಟೋಬರ್ 31ರಂದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟದ್ದು ಇದರ ವಿರುದ್ಧವೇ. ಇದನ್ನು ಮುಚ್ಚಿಡುವುದರಿಂದ ಏನೂ ಪ್ರಯೋಜನವಿಲ್ಲ. ಆದರೆ ಯಜಮಾನರು ಮುಂದಿನ ಪುಟವನ್ನೂ ಓದಲಿ. ಬಿಷಪ್‌ಗಳ ಟ್ರೆಂಟ್ ಮಹಾಸಭೆ 1563ರಲ್ಲಿ ಇದರಿಂದ ದುಡ್ಡು ಮಾಡುವುದನ್ನು ಖಂಡಿಸಿತು. 1567ರಲ್ಲಿ ಪೋಪ್ ಐದನೇ ಪಯಸ್ ಹಣ ಕೊಡುವ ಷರತ್ತಿದ್ದ ಎಲ್ಲ ದಂಡವಿಮೋಚನೆಗಳನ್ನೂ ರದ್ದು ಮಾಡಿದರು. ಬೇಕಾದರೆ ಸಭೆಯ 2025ರ ಜುಬಿಲಿ ವರ್ಷದಲ್ಲಿ ದಂಡವಿಮೋಚನೆ ಪಡೆಯಲು ಇದ್ದ ನಿಯಮ ತೋರಿಸಿ. ಅದರಲ್ಲಿ ರೋಗಿಗಳನ್ನು, ಜೈಲಿನಲ್ಲಿರುವವರನ್ನು ನೋಡಿಬರುವುದು ಇತ್ತು. ವಾರಕ್ಕೆ ಒಂದು ದಿನವಾದರೂ ಸೋಷಿಯಲ್ ಮೀಡಿಯಾದಂಥ ಕೆಲಸಕ್ಕೆ ಬಾರದ ಗೀಳನ್ನು ಬಿಡುವುದೂ ಇತ್ತು. ನಮ್ಮ ಮನೆಯ ಹುಡುಗರಿಗೆ ಅದಕ್ಕಿಂತ ದುಡ್ಡು ಕೊಡುವುದೇ ಸುಲಭ ಅನ್ನಿಸಿತೋ ಏನೋ!

ಇನ್ನು ಒಂದು ಮಾತು ಸ್ಪಷ್ಟವಾಗಬೇಕು. ಈ ದಂಡವಿಮೋಚನೆ ಪಾಪವನ್ನು ಕ್ಷಮಿಸುವುದಿಲ್ಲ. ಕ್ಷಮೆ ಸಿಗುವುದು ಪಾಪನಿವೇದನೆಯಲ್ಲಿ, ಅಂದರೆ ಫಾದರ್ ಮುಂದೆ ಪಾಪ ಒಪ್ಪಿಕೊಂಡಾಗ. ನಿಮ್ಮ ದನ ಪಕ್ಕದವರ ತೋಟಕ್ಕೆ ನುಗ್ಗಿ ಅಡಿಕೆ ಸಸಿ ತಿಂದಿತು ಅಂದುಕೊಳ್ಳಿ. ನೀವು ಹೋಗಿ ತಪ್ಪಾಯ್ತು ಅಂದಿರಿ, ಅವರು ‘ಹೋಗಲಿ ಬಿಡಿ’ ಅಂದರು. ಮನಸ್ತಾಪ ಮುಗಿಯಿತು. ಆದರೆ ಮುರಿದ ಬೇಲಿ ಹಾಗೇ ಇದೆ, ಸಸಿ ಮತ್ತೆ ನೆಡಬೇಕು. ಪಾಪ ಕ್ಷಮಿಸಿದ ಮೇಲೂ ಉಳಿಯುವ ಆ ದುರಸ್ತಿ ಕೆಲಸವೇ ದಂಡ. ಅದನ್ನು ಇಲ್ಲಿಯೇ ಮುಗಿಸಬಹುದು, ಇಲ್ಲವೇ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ. ಕ್ರಿಸ್ತರ ಮತ್ತು ಸಂತರ ಪುಣ್ಯದಿಂದ ಆ ಕೆಲಸಕ್ಕೆ ಸಭೆ ಕೈ ಜೋಡಿಸುತ್ತದೆ, ಅಷ್ಟೇ.

ಹಾಗಾದರೆ ನಿಮ್ಮ ಎಂಟು ದಿನ? ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ಪ್ರತಿದಿನ ಒಂದು ಪೂರ್ಣ ವಿಮೋಚನೆ, ಮೃತರಿಗೆ ಮಾತ್ರ ಸಲ್ಲುವಂಥದ್ದು. ಆದರೆ ಹೋಗಿಬಂದರೆ ಸಾಲದು. ಪಾಪನಿವೇದನೆ ಆಗಿರಬೇಕು, ಪರಮಪ್ರಸಾದ ತೆಗೆದುಕೊಂಡಿರಬೇಕು, ಪೋಪ್‌ರ ಉದ್ದೇಶಗಳಿಗಾಗಿ ಪ್ರಾರ್ಥಿಸಬೇಕು. ಒಂದು ಪರಲೋಕ ಪ್ರಾರ್ಥನೆ, ಒಂದು ನಮೋ ಮರಿಯಾ ಸಾಕು. ಒಂದು ಪಾಪನಿವೇದನೆ ಹಲವು ದಿನಗಳಿಗೆ ನಡೆಯುತ್ತದೆ, ಸುಮಾರು 20 ದಿನ ಹಿಂದೆ ಮುಂದೆ ಆದರೂ ಸರಿ. ಪರಮಪ್ರಸಾದ ಹಾಗಲ್ಲ, ಒಂದಕ್ಕೆ ಒಂದು. ನಮ್ಮ ಮಲೆನಾಡಿನ ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಫಾದರ್ ಬರುವುದೇ ವಾರಕ್ಕೊಮ್ಮೆ. ಆ ಒಂದು ಭಾನುವಾರದ ಪರಮಪ್ರಸಾದಕ್ಕೆ ಒಂದೇ ಪೂರ್ಣ ವಿಮೋಚನೆ, ಉಳಿದ ದಿನಗಳದ್ದು ಭಾಗಶಃ. ಬೇಜಾರು ಮಾಡಿಕೊಳ್ಳಬೇಡಿ. ನಡೆದು ಹೋದದ್ದು ವ್ಯರ್ಥವಾಗಿಲ್ಲ.

ನಾಲ್ಕನೆಯ ಷರತ್ತನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಸಣ್ಣ ಪಾಪದ ಮೇಲೂ ಮೋಹ ಇರಬಾರದು. ನಿಮ್ಮ ಅಣ್ಣನ ವಿಷಯ ಬರುವುದು ಇಲ್ಲಿ. ತೋಟದಲ್ಲಿ ನಿಮ್ಮ ಪಾಲು ಕೇಳುವುದು ಪಾಪವಲ್ಲ. ಕೇಳಿ, ಬೇಕಾದರೆ ವಕೀಲರನ್ನೂ ಇಡಿ. ಹೆಣ್ಣುಮಕ್ಕಳು ಸುಮ್ನೆ ಬಿಟ್ಟುಕೊಡಬೇಕು ಎನ್ನುವವಳಲ್ಲ ನಾನು. ಆದರೆ ಅಣ್ಣನ ಮೇಲಿನ ಸಿಟ್ಟನ್ನು ದಿನಾ ಎತ್ತಿ ನೋಡಿ, ಒರೆಸಿ ಇಟ್ಟುಕೊಳ್ಳುವುದಿದೆಯಲ್ಲ, ಮೋಹ ಅನ್ನುವುದು ಅದಕ್ಕೇ. ಅದು ಇರುವವರೆಗೆ ಪೂರ್ಣ ವಿಮೋಚನೆ ಸಿಗದು, ಸಿಗುವುದು ಭಾಗಶಃ. ಅಮ್ಮನಿಗೆ ಏನೂ ತಲುಪಲಿಲ್ಲ ಎಂದು ಹೆದರಬೇಡಿ. ನಿಮ್ಮ ಪ್ರಾರ್ಥನೆ ತಲುಪುತ್ತದೆ, ಅವರ ಹೆಸರಿನಲ್ಲಿ ಮಾಡಿಸುವ ಬಲಿಪೂಜೆ ತಲುಪುತ್ತದೆ. ಅಣ್ಣನಿಗೆ ಅಮ್ಮನ ವರ್ಷದ ಪೂಜೆಯ ದಿನ, ಸಮಯ ತಿಳಿಸಿ. ಫೋನ್ ಮಾಡಲು ಮನಸ್ಸು ಬಾರದಿದ್ದರೆ ಮಗನ ಕೈಲಿ ಮೆಸೇಜ್ ಹಾಕಿಸಿ. ತೋಟದ ಮಾತು ಅವತ್ತು ಎತ್ತಬೇಡಿ.

ಪ್ರಶ್ನೆ: ಟೀಚರ್, ನನ್ನ ಊರು ಕೊಪ್ಪ, ಕೆಲಸ ಬೆಂಗಳೂರಿನಲ್ಲಿ. ನವೆಂಬರ್ ಮೊದಲ ವಾರ ರಜೆ ಸಿಗುವುದಿಲ್ಲ. ಅಜ್ಜನ ಸಮಾಧಿಗೆ ಹೋಗದಿದ್ದರೆ ಅವರಿಗಾಗಿ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲವೇ?

ಉತ್ತರ: ಬರುತ್ತದೆ ಮಗಾ. ಯಾವ ಸ್ಮಶಾನವಾದರೂ ಆಗುತ್ತದೆ, ಅಜ್ಜನ ಸಮಾಧಿಯೇ ಆಗಬೇಕೆಂದಿಲ್ಲ. ಆಫೀಸ್ ಮುಗಿಸಿ ಬೆಂಗಳೂರಿನದ್ದೇ ಒಂದು ಸ್ಮಶಾನದಲ್ಲಿ ನಿಂತು, ಮನಸ್ಸಿನಲ್ಲೇ ಪ್ರಾರ್ಥಿಸಿದರೂ ಸಾಕು. ಕೊರೊನಾ ಕಾಲದ 2020ರಲ್ಲಿ ಗುಂಪು ಸೇರಬಾರದೆಂದು ರೋಮ್ ಈ ಅವಕಾಶವನ್ನು ನವೆಂಬರ್ ಇಡೀ ತಿಂಗಳಿಗೆ ವಿಸ್ತರಿಸಿತ್ತು. ಸಾಮಾನ್ಯ ವರ್ಷಗಳಲ್ಲಿ ಎಂಟೇ ದಿನ. ಉಳಿದ ದಿನಗಳಲ್ಲಿ ಹೋದರೆ ಭಾಗಶಃ. ಸಮಾಧಿಯ ಹುಲ್ಲು ಕೊಯ್ಯುವ ಕೆಲಸ ಮಾತ್ರ ಬೆಂಗಳೂರಿನಿಂದ ಆಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಶಿಲುಬೆ ಮುಳುಗುವಷ್ಟು ಬೆಳೆದಿರುತ್ತದೆ. ಊರಿನ ಹುಡುಗರಿಗೆ ಮೊದಲೇ ಹೇಳಿಡು, ಚಹಾ-ತಿಂಡಿಯ ಖರ್ಚು ಕಳಿಸು.

ಪ್ರಶ್ನೆ: ನಾನು ಕ್ರೈಸ್ತಳಲ್ಲ. ಅಮ್ಮನ ಕಾಯಿಲೆ ವಾಸಿಯಾಗಲೆಂದು ಹರಿಹರದ ಆರೋಗ್ಯ ಮಾತೆಗೆ ಮೇಣದಬತ್ತಿ ಹಚ್ಚುವ ಹರಕೆ ಹೊತ್ತಿದ್ದೇನೆ. ನೀವು ಹೇಳುವ ಈ ವಿಮೋಚನೆ ನನಗೂ ಸಿಗುತ್ತದೆಯೇ?
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇಲ್ಲ, ಅದು ದೀಕ್ಷಾಸ್ನಾನ ಆದವರಿಗೆ. ಹಾಗೆ ನೋಡಿದರೆ ದೀಕ್ಷಾಸ್ನಾನ ಆದವರಿಗೂ ಬರೀ ಮೇಣದಬತ್ತಿ ಹಚ್ಚಿದ್ದಕ್ಕೆ ಪೂರ್ಣ ವಿಮೋಚನೆ ಸಿಗುವುದಿಲ್ಲ, ಮೇಲಿನ ಷರತ್ತುಗಳೆಲ್ಲ ಇದ್ದೇ ಇರುತ್ತವೆ. ನಿಮ್ಮದು ಹರಕೆ, ಅದರ ದಾರಿಯೇ ಬೇರೆ. ಮಾತೆಯ ಹತ್ತಿರ ಅಮ್ಮನಿಗಾಗಿ ಕೇಳಿಕೊಳ್ಳಲು ಯಾರೂ ನಿಮ್ಮ ಜಾತಿ-ಮತ ಕೇಳುವುದಿಲ್ಲ. ಆರಾಮಾಗಿ ಹೋಗಿಬನ್ನಿ. ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಸೆಪ್ಟೆಂಬರ್ 8ರ ಹಬ್ಬದ ದಿನ ಬೇಡ, ನಿಲ್ಲಲೂ ಜಾಗ ಇರುವುದಿಲ್ಲ. ಬೇರೆ ಯಾವುದಾದರೂ ವಾರದ ದಿನ ಬೆಳಿಗ್ಗೆಯೇ ಹೋಗಿ.