ದಿನದ ಗಡಿಬಿಡಿಯಲ್ಲಿ ದೇವರಿಗೆ ಮೊದಲ ಸ್ಥಾನ ಕೊಡುವುದು ಹೇಗೆ?

ಕೆಲಸ, ಮನೆ, ಮೊಬೈಲ್‌ಗಳ ನಡುವೆ ದೇವರಿಗೆ ಸಮಯವೇ ಉಳಿಯುವುದಿಲ್ಲ, ಏನು ಮಾಡಬೇಕು ಎಂದು ನೀವು ಕೇಳಿದ್ದೀರಿ. ಬೈಬಲಿನ ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಯೇಸುವನ್ನು ಮನೆಗೆ ಬರಮಾಡಿಕೊಂಡ ಮಾರ್ಥಳು ಮಾಡುತ್ತಿದ್ದುದು ಯೇಸುವಿನದೇ ಅತಿಥಿ ಸತ್ಕಾರ. ಆದರೂ ಆತನ ಪಾದದ ಬಳಿ ಕುಳಿತು ಮಾತು ಕೇಳಿದ ಅವಳ ಸಹೋದರಿ ಮರಿಯಳು ಉತ್ತಮ ಭಾಗವನ್ನು ಆರಿಸಿಕೊಂಡಳೆಂದು ಯೇಸು ಹೇಳಿದನು. ನಮ್ಮನ್ನು ಪ್ರಾರ್ಥನೆಯಿಂದ ದೂರ ಸೆಳೆಯುವುದು ಬಹುತೇಕ ಇಂಥ ಒಳ್ಳೆಯ ಕೆಲಸಗಳೇ, ಚರ್ಚಿನ ಕಮಿಟಿ ಕೆಲಸವೂ ಅದರಲ್ಲಿ ಸೇರಿದೆ ಎಂದು ನಾನು ನಂಬುತ್ತೇನೆ.

ಮಾರ್ಕನ ಸುವಾರ್ತೆಯ 1ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಸಂಜೆ ಊರಿನವರೆಲ್ಲ ಯೇಸು ಇದ್ದ ಮನೆಯ ಬಾಗಿಲಲ್ಲಿ ನೆರೆದಿದ್ದರು, ಮರುದಿನವೂ ಜನ ಆತನನ್ನು ಹುಡುಕುತ್ತಿದ್ದರು. ಇವೆರಡರ ನಡುವೆ, ಇನ್ನೂ ಕತ್ತಲಿರುವಾಗಲೇ, ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಬಿಡುವು ಸಿಗಲೆಂದು ಆತನು ಕಾಯಲಿಲ್ಲ.

ಆದ್ದರಿಂದ ರಾತ್ರಿ ಮೊಬೈಲನ್ನು ದಿಂಬಿನ ಪಕ್ಕ ಇಡದೆ ಅಡುಗೆಮನೆಯಲ್ಲಿ ಚಾರ್ಜಿಗೆ ಹಚ್ಚಿ, ಬೆಳಿಗ್ಗೆ ವಾಟ್ಸಾಪ್ ತೆರೆಯುವ ಮುನ್ನ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಚಿಕ್ಕೋಡಿ, ಗೋಕಾಕ ಕಡೆ ಕಬ್ಬಿನ ಕಟಾವಿನ ದಿನಗಳಲ್ಲಿ ನಸುಕಿಗೇ ಹೊಲಕ್ಕೆ ಹೋಗಬೇಕಾದವರು ಟ್ರ್ಯಾಕ್ಟರ್ ಬರುವವರೆಗೆ ಬದುವಿನ ಮೇಲೆ ಕುಳಿತೂ ಪ್ರಾರ್ಥಿಸಬಹುದು. ಗಂಟೆ ಬದಲಾದರೆ ತಪ್ಪೇನಿಲ್ಲ, ಆದರೆ ಆ ಹೊತ್ತನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿರಬೇಕು.