ಲೇಹ್‌ಗೆ ಹೊರಟಿದೀವಿ, ಅಲ್ಯೂಮಿನಿಯಂ ಬಾಕ್ಸ್ ತಗೊಳ್ಳೋದಾ ಬೇಡ್ವಾ?

ಪ್ರಶ್ನೆ: ನಮಸ್ಕಾರ ಸಾರ್. ನಮ್ದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು, 2021ರ ಮಾಡೆಲ್. ಜೂನ್ ಮಧ್ಯದಲ್ಲಿ ಹೊರಟು ನಾನೂ ನಮ್ಮನೆಯವ್ಳೂ ಬೆಂಗಳೂರಿಂದ ಮನಾಲಿ ಮೇಲೆ ಲೇಹ್‌ಗೆ ಹೋಗೋ ಪ್ಲಾನ್. ಬಜೆಟ್ 40 ಸಾವಿರ. ಅಂಗಡಿಯವ್ರು ಅಲ್ಯೂಮಿನಿಯಂ ಬಾಕ್ಸ್ ಜೋಡಿ, ರ‍್ಯಾಕು ಎಲ್ಲಾ ಸೇರಿ 30 ಸಾವಿರ ಅಂತಿದಾರೆ. ನನ್ಹತ್ರ ಒಳ್ಳೇ ಹೆಲ್ಮೆಟ್, ಜಾಕೆಟ್ ಇದೆ, ಅವಳ ಹತ್ರ ಹಾಫ್ ಹೆಲ್ಮೆಟ್ ಇದೆ. ಬಾಕ್ಸ್ ತಗೊಳ್ಳಾ, ಬ್ಯಾಗೇ ಸಾಕಾ? ಏನೇನ್ ಕಟ್ಕೊಂಡ್ ಹೋಗ್ಬೇಕು?
ರಾಜಾಜಿನಗರದ ಓದುಗರು

ಉತ್ತರ: ಬಾಕ್ಸ್ ಬೇಡ ಸಾರ್. ಹೆಂಡ್ತಿ ತಲೇಲಿ ಹಾಫ್ ಹೆಲ್ಮೆಟ್ಟು, ಗಾಡಿ ಪಕ್ಕದಲ್ಲಿ 30 ಸಾವಿರದ ಡಬ್ಬ, ಇದಕ್ಕೇ ನಮ್ ಕಡೆ ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋದು. ಆ 40 ಸಾವಿರದಲ್ಲಿ ಮೊದಲ ಖರ್ಚು ಅವರಿಗೆ. ಫುಲ್ ಫೇಸ್ ಹೆಲ್ಮೆಟ್ ತಗೊಳಿ, ಐಎಸ್‌ಐ ಗುರುತು ಇರ್ಲೇಬೇಕು, 2021ರ ಜೂನ್ 1ರಿಂದ ಅದಿಲ್ದೇ ಮಾರೋ ಹಾಗೇ ಇಲ್ಲ. ಅವರನ್ನೂ ಅಂಗಡಿಗೆ ಕರ್ಕೊಂಡೋಗಿ, ಸೈಜ್ ಹೇಳಿ ತಂದುಕೊಡೋ ವಿಷಯ ಅಲ್ಲ ಇದು. ಹಾಕ್ಕೊಂಡಾಗ ಕೆನ್ನೆ ಎರಡೂ ಕಡೆ ಒತ್ತಬೇಕು, ಹೆಲ್ಮೆಟ್ ಹಿಡ್ಕೊಂಡು ಆಡಿಸಿದ್ರೆ ಅದರ ಜೊತೆ ಮುಖದ ಚರ್ಮಾನೂ ಆಡಬೇಕು. ಒಂದು ಇಪ್ಪತ್ತು ನಿಮಿಷ ಹಾಗೇ ಹಾಕ್ಕೊಂಡು ಕೂತಿರ್ಲಿ, ಹಣೆ ಮೇಲೆ ಒಂದೇ ಜಾಗದಲ್ಲಿ ನೋವು ಬಂತಾ, ಅದು ಬೇಡ, ಬೇರೆ ಕಂಪನೀದು ನೋಡಿ. ಆಮೇಲೆ ಜಾಕೆಟ್ಟು, ಗ್ಲೌಸು, ಪಾದದ ಗಂಟು ಮುಚ್ಚೋ ಶೂ. ಜಾಕೆಟ್ ತಗೊಳ್ವಾಗ ಬೆನ್ನಿನ ಜೇಬಿಗೆ ಕೈ ಹಾಕಿ ನೋಡಿ, ಭುಜ ಮೊಣಕೈಗೆ ಸಿಇ ಲೆವೆಲ್ 2 (ಯುರೋಪಿನ ಸುರಕ್ಷತಾ ಗುರುತು) ಗಾರ್ಡ್ ಕೊಟ್ಟು ಬೆನ್ನಿಗೆ ಬರೀ ಸ್ಪಂಜ್ ತುರುಕಿರೋ ಜಾಕೆಟ್ಟು ಬೇಕಾದಷ್ಟಿವೆ. ಹಾಗಿದ್ರೆ ಬೆನ್ನಿನ ಗಾರ್ಡ್ ಬೇರೆ ತಗೊಂಡು ಹಾಕಿ.

ಬಾಕ್ಸ್ ಬೇಡ ಅಂದಿದ್ದು ದುಡ್ಡಿಗೋಸ್ಕರ ಮಾತ್ರ ಅಲ್ಲ. ನಿಮ್ ಗಾಡಿನೇ 200 ಕೆಜಿ ಹತ್ರ ಇದೆ, ಇಬ್ರೂ ಕೂತ್ರೆ ಮೇಲೆ ಇನ್ನೊಂದು 130, ಈಗ ಖಾಲಿ ಬಾಕ್ಸೂ ರ‍್ಯಾಕೂ ಸೇರಿಸಿದ್ರೆ ಒಂದು ಚಡ್ಡಿ ಕೂಡ ತುಂಬೋಕೆ ಮುಂಚೆನೇ ಹದಿನೈದು ಕೆಜಿ ಆಸುಪಾಸು ಏರಿರತ್ತೆ. ಬೆಂಗಳೂರಲ್ಲಿ ಇದು ಗೊತ್ತಾಗಲ್ಲ. ಆದ್ರೆ ಲೇಹ್ ಆಚೆ ಖರ್ದುಂಗ್ ಲಾ ಅನ್ನೋ ಬೆಟ್ಟದ ದಾರಿ ಹತ್ರ, ಅಂದ್ರೆ 5,300 ಮೀಟರ್ ಮೇಲೆ, ಗಾಳಿ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು, ಇಂಜಿನ್ನಿಗೆ ಸಿಗೋ ಆಕ್ಸಿಜನ್ನೂ ಅಷ್ಟೇ, ಹಾಗಾಗಿ 24 ಬಿಎಚ್‌ಪಿ ಗಾಡಿ ಅಲ್ಲಿ ಹನ್ನೆರಡು ಹದಿಮೂರರ ಗಾಡಿ ಆಗ್ಬಿಡತ್ತೆ. ಮಣ್ಣು ನೀರು ಕಲೆಸಿರೋ ಏರಲ್ಲಿ ಫಸ್ಟ್ ಗೇರಲ್ಲಿ ಕ್ಲಚ್ ಹಿಡಿದೂ ಹಿಡಿದೂ ಕೊನೆಗೆ ಮನೆಯವ್ರನ್ನ ಇಳಿಸಿ ನಡ್ಸೋದು ನೀವೇ. ಅಲ್ಲಿ ನಡೆಯೋದು ಕಬ್ಬನ್ ಪಾರ್ಕಲ್ಲಿ ವಾಕಿಂಗ್ ಹೋದಂಗಲ್ಲ, ಹತ್ತು ಹೆಜ್ಜೆಗೆ ಏದುಸಿರು. ಇನ್ನೊಂದು, ಗಾಡಿ ನಿಧಾನಕ್ಕೆ ಪಕ್ಕಕ್ಕೆ ಬಿದ್ದಾಗ ಬ್ಯಾಗ್ ಮೆತ್ತಗಿರತ್ತೆ, ಗಟ್ಟಿ ಬಾಕ್ಸ್ ಕೆಳಗೆ ಕಾಲು ಸಿಕ್ಕಿದ್ರೆ ಮುಗೀತು.

ಹಾಗಾಗಿ ಬಟ್ಟೆಯ ಸ್ಯಾಡಲ್ ಬ್ಯಾಗ್ ಒಂದು ಜೊತೆ, ಹಿಂದೆ ಕ್ಯಾರಿಯರ್ ಮೇಲೆ ನೀರು ಇಳಿಯದ ಡ್ರೈ ಬ್ಯಾಗ್ ಒಂದು, ಟ್ಯಾಂಕ್ ಮೇಲೆ ಚಿಕ್ಕದೊಂದು, ಇಷ್ಟೇ. ಟೂಲು, ಟ್ಯೂಬು, ಲಾಕು ತರದ ಭಾರದ್ದೆಲ್ಲ ಸ್ಯಾಡಲ್ ಬ್ಯಾಗಿನ ತಳದಲ್ಲಿ, ಎಡ ಬಲ ಸಮ ಇರ್ಲಿ, ಹಿಂದಿನ ಡ್ರೈ ಬ್ಯಾಗಿಗೆ ಬರೀ ಬಟ್ಟೆ ಥರ ಹಗುರದ್ದು. ತುಂಬಾ ಜನ ಇದನ್ನ ಉಲ್ಟಾ ಮಾಡ್ತಾರೆ, ಆಮೇಲೆ ಹ್ಯಾಂಡಲ್ ಯಾಕೋ ತೇಲತ್ತೆ ಅಂತ ಫೋನ್ ಮಾಡ್ತಾರೆ. ಬ್ಯಾಗಿನ ಮೇಲೆ ಹಾಕೋ ರೇನ್ ಕವರ್ ನಂಬ್ಕೋಬೇಡಿ, ಅದು ಗಾಳಿಗೆ ಪಟಪಟ ಅಂತ ಹೊಡ್ಕೊಂಡು ಎಲ್ಲೋ ಹಾರೋಗತ್ತೆ. ಒಳಗೇ ದಪ್ಪ ಕಸದ ಕವರ್ ಹಾಕಿ ಅದರೊಳಗೆ ಬಟ್ಟೆ ಇಡಿ. ಕಟ್ಟೋಕೆ ಕೊಕ್ಕೆಯ ಇಲಾಸ್ಟಿಕ್ ಹಗ್ಗ ಬೇಡ, ಬಕಲ್ ಇರೋ ಪಟ್ಟಿ ತಗೊಳಿ, ಉಳಿದ ತುದಿ ಗಾಳೀಲಿ ಹಾರಾಡ್ತಾ ಚೈನಿಗೆ ಸಿಗದ ಹಾಗೆ ಸುತ್ತಿ ಒಳಗೆ ಸಿಗಿಸಿ.

ಹಿಮಾಲಯನ್ ಸೈಲೆನ್ಸರ್ ಬಲಗಡೆ ಮೇಲಕ್ಕೆ ಎದ್ದಿರತ್ತಲ್ಲ, ಆ ಕಡೆ ಬ್ಯಾಗ್ ತಾಗ್ದಂಗೆ ಅಡ್ಡ ಪಟ್ಟಿ ಕಡ್ಡಾಯ ಹಾಕಿಸಿ. ನಾನು ಒಂದ್ಸಲ ಉದಾಸೀನ ಮಾಡಿ ಹೊರಟೆ. ಶಿರಾ ದಾಟಿದ್ಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ, ಯಾರೋ ಹೊಲದ ಬದೀಲಿ ಕಸಕ್ಕೆ ಬೆಂಕಿ ಇಟ್ಟಿದಾರೆ ಅಂದ್ಕೊಂಡೆ, ನಾಲ್ಕೈದು ಕಿಲೋಮೀಟರ್ ಆದ್ರೂ ಆ ಕಸ ಮುಗೀಲೇ ಇಲ್ಲ. ನಿಲ್ಸಿ ನೋಡಿದ್ರೆ ಬ್ಯಾಗ್ ತೂತಾಗಿ ಒಳಗಿದ್ದ ರೇನ್ ಕೋಟಿನ ಒಂದು ತೋಳು ಸೈಲೆನ್ಸರಿಗೆ ಅಂಟ್ಕೊಂಡು ಮೇಣದ ಥರ ಇಳೀತಿತ್ತು. ಆ ಟ್ರಿಪ್ ಪೂರ್ತಿ ಒಂದೂವರೆ ತೋಳಿನ ಕೋಟಲ್ಲೇ ನೆನೆದೆ.

ಈಗ ಬಟ್ಟೆ. ನಿಮ್ಗೆ ಕಷ್ಟ ಇರೋದು ಇಲ್ಲೇ, ಯಾಕಂದ್ರೆ ಜೂನಲ್ಲಿ ಗ್ವಾಲಿಯರ್ ಆಗ್ರಾ ಕಡೆ 42–45 ಡಿಗ್ರಿ ಬೆಂಕಿ, ಅದಾಗಿ ಒಂದು ವಾರಕ್ಕೆ ಮನಾಲಿ-ಲೇಹ್ ದಾರೀಲಿರೋ ಸರ್ಚುಲಿ ರಾತ್ರಿ ಸೊನ್ನೆ ಹತ್ರ ಚಳಿ. ಎರಡು ಜಾಕೆಟ್ ಹೊರಬೇಡಿ. ಒಂದು ಗಾಳಿಯಾಡೋ ಮೆಶ್ (ಜಾಲರಿ ಬಟ್ಟೆ) ಜಾಕೆಟ್, ಚಳಿಗೆ ಅದರೊಳಗೆ ಥರ್ಮಲ್ಲೂ ಫ್ಲೀಸೂ, ಮೇಲೆ ಮಳೆ ಕೋಟು. ಮಳೆ ಕೋಟೇ ಗಾಳೀನೂ ತಡೆಯತ್ತೆ, ಜಾಕೆಟ್ ಮೇಲೆ ಹಿಡಿಯೋ ಸೈಜೇ ತಗೊಳಿ. ಬಿಸಿಲಲ್ಲಿ ಒದ್ದೆ ಟವೆಲ್ ಕತ್ತಿಗೆ ಸುತ್ಕೊಂಡು, ಬೆಳಗಿನ ಜಾವ ಹೊರಟು ಹನ್ನೊಂದಕ್ಕೆ ಗಾಡಿ ನಿಲ್ಸಿ. ನನ್ ಕೇಳಿದ್ರೆ ಆ ಬಯಲುಸೀಮೆ ಹೈವೇಲಿ ನೋಡೋದು ಏನೂ ಇಲ್ಲ, ಯಶವಂತಪುರದಿಂದ ಚಂಡೀಗಢಕ್ಕೆ ರೈಲಿದೆ, ಟ್ಯಾಂಕ್ ಖಾಲಿ ಮಾಡಿ ಗಾಡೀನ ಪಾರ್ಸೆಲ್ ಹಾಕಿ ನೀವೂ ರೈಲಲ್ಲೇ ಹೋಗಿ. ಬೆಂಗಳೂರಿಂದಲೇ ಓಡ್ಸಿದೀನಿ ಅಂತ ಹೇಳ್ಕೊಳೋ ಆಸೆ ಇದ್ರೆ ಬೇರೆ ಮಾತು.

ಟೂಲ್ ಕಿಟ್ಟಿಗೆ ಜೆಸಿ ರೋಡಲ್ಲಿ ಒಂದು ಮಧ್ಯಾಹ್ನ ಸಾಕು. ನಿಮ್ದು ಸ್ಪೋಕ್ ವೀಲ್, ಟ್ಯೂಬ್ ಟೈರು, ಟ್ಯೂಬ್‌ಲೆಸ್ ಕಿಟ್ ಇಟ್ಕೊಂಡು ಪ್ರಯೋಜನ ಇಲ್ಲ. ಮುಂದಿನದು 21 ಇಂಚು, ಹಿಂದಿನದು 17, ಎರಡಕ್ಕೂ ಒಂದೊಂದು ಟ್ಯೂಬು, ಟೈರ್ ಲಿವರ್, ಪಂಪು. ಆಮೇಲೆ ಕ್ಲಚ್ ಲಿವರ್, ಫ್ಯೂಸು, ಪ್ಲಗ್ಗು, ಎಂ-ಸೀಲ್, ಟೇಪು. ಕ್ಲಚ್ ಕೇಬಲ್ ಎರಡನೇದನ್ನ ಬ್ಯಾಗಲ್ಲಿಡ್ಬೇಡಿ, ಈಗಿರೋ ಕೇಬಲ್ ಪಕ್ಕದಲ್ಲೇ ಅದೇ ದಾರೀಲಿ ಎಳೆದು ಟೇಪ್ ಸುತ್ಬಿಡಿ, ಕಿತ್ತೋದ್ರೆ ಎರಡು ತುದಿ ಬದಲಾಯ್ಸಿ ಹೊರಡಬಹುದು, ಟ್ಯಾಂಕ್ ಬಿಚ್ಚೋ ಕೆಲ್ಸ ಇರಲ್ಲ.

ಪೆಟ್ರೋಲು: ಮನಾಲಿ ದಾಟಿದ್ಮೇಲೆ ಸಿಗೋ ತಾಂಡಿ ಬಂಕ್ ಬಿಟ್ರೆ ಮುಂದಿನದು 365 ಕಿಲೋಮೀಟರ್ ಅಂತ ಅಲ್ಲೇ ಬೋರ್ಡ್ ಹಾಕಿದ್ರು. ನಿಮ್ದು 15 ಲೀಟರ್ ಟ್ಯಾಂಕು, ಇಬ್ರು ಕೂತು ಏರಲ್ಲಿ 25 ಕೊಟ್ರೂ 375 ಆಯ್ತು, ಅಂಚಿನ ಲೆಕ್ಕ. ಐದು ಲೀಟರಿನ ಲೋಹದ ಕ್ಯಾನ್ ಮನಾಲಿಲಿ ತಗೊಳಿ, ಇಲ್ಲಿಂದ ಹೊರಬೇಡಿ. ನಮ್ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಲ್ಲಿ ನಡೆಯಲ್ಲ, ಒಂದಾದ್ರೂ ಪೋಸ್ಟ್‌ಪೇಯ್ಡ್ ಮಾಡಿಸಿ, ಆರ್‌ಸಿ ಇನ್ಶೂರೆನ್ಸ್ ಕಾಗದದಲ್ಲೇ ಇರ್ಲಿ. ಎತ್ತರದ ಜಾಗದಲ್ಲಿ ಹುಷಾರು ತಪ್ಪದ ಹಾಗೆ ತಗೊಳೋ ಮಾತ್ರೆ ವಿಷಯ ನಿಮ್ ಡಾಕ್ಟರ್ನ ಕೇಳಿ, ನನ್ನಲ್ಲ.

ಹೊರಡೋಕೆ ಎರಡು ವಾರ ಮುಂಚೆ ಒಂದು ಶನಿವಾರ ಇಷ್ಟೂ ಸಾಮಾನು ಕಟ್ಟಿ, ಇಬ್ರೂ ಕೂತು, ಹಿಂದಿನ ಶಾಕ್ ಬಿಗಿ ಮಾಡಿಸಿ, ಟೈರ್ ಗಾಳಿ ಮ್ಯಾನ್ಯುವಲಲ್ಲಿ ಇಬ್ಬರಿಗೆ ಅಂತ ಇರೋಷ್ಟು ಹಾಕಿಸಿ ಸಕಲೇಶಪುರ, ಬಿಸಿಲೆ ಘಾಟ್ ಹೋಗ್ಬನ್ನಿ. ಅಲ್ಲಿ ಹೋಟೆಲ್ ಅಂಗಳದಲ್ಲಿ ಹಿಂದಿನ ಚಕ್ರ ನೀವೇ ಒಂದ್ಸಲ ಬಿಚ್ಚಿ ಹಾಕಿ, ಸ್ಪ್ಯಾನರ್ ಸೈಜ್ ಸರಿಯಿಲ್ಲ ಅಂತ ಅಲ್ಲೇ ಗೊತ್ತಾಗ್ಲಿ. ವಾಪಸ್ ಬಂದ್ಮೇಲೆ ಬ್ಯಾಗ್ ನೆಲಕ್ಕೆ ಸುರ್ದು, ಟೂಲು, ಔಷಧಿ, ಮಳೆ ಚಳಿ ಬಟ್ಟೆ ಬಿಟ್ಟು ಎರಡು ದಿನದಲ್ಲಿ ಮುಟ್ಟದೇ ಇದ್ದಿದ್ದನ್ನೆಲ್ಲ ಬೀರುಗೆ ವಾಪಸ್ ಹಾಕಿ. ಯಾವ್ದು ಹೋಗ್ಬೇಕು ಅಂತ ಮನೆಯವ್ರು ಹೇಳ್ಲಿ, ನಿಮ್ ಟ್ರೈಪಾಡ್ ಮೊದಲು ಹೋಗತ್ತೆ ನೋಡಿ.